ಖಂಡೇನವಮಿಯ ದಿನ ಪಾನಾ ಹಿಡಿದವನು

ಹೂವು ತಾ ಎಂದು ಹೆಂಡತಿ ಕಳಿಸಿದ್ದಳು. ನಾನು ಹೂವಿನೊಳಕ್ಕೇ ಹೋದೆ, ಕಾರಿನ ಸಮೇತ.

ಎರಡು ಸಾವಿರದ ಮೂರನೆಯ ಇಸವಿಯ ಖಂಡೇನವಮಿ, ಆಯುಧಪೂಜೆಯ ದಿನ. ಪುಣೆಯ ವಿಮಾನ ನಗರದ ನಮ್ಮ ಫ್ಲ್ಯಾಟಿನಿಂದ ಕ್ಯಾಂಪಿನ ಮಾರುಕಟ್ಟೆಯವರೆಗೆ ಕಾರು ಓಡಿಸಿಕೊಂಡು ಬಂದದ್ದೇ ನನ್ನ ಮಟ್ಟಿಗೆ ಒಂದು ಪರಾಕ್ರಮ. ನಲವತ್ತಾರನೆಯ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತವನು ನಾನು. ಇಬ್ಬರ ಕೈ ದಾಟಿ ನನ್ನ ಪಾಲಿಗೆ ಬಂದಿದ್ದ ಆ ಕಾರನ್ನು ಮಾಡಿದ ಕಂಪನಿಯ ಹೆಸರು ಹೇಳುವುದಿಲ್ಲ. ಪಾಪ, ಅವರು ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದರು. ಮಾರುಕಟ್ಟೆಯ ತಿರುವಿನಲ್ಲಿ ಮುದುಕನೊಬ್ಬ ಅಡ್ಡ ಬಂದ. ಬ್ರೇಕ್ ಒತ್ತಿದೆ. ಯಾರೋ ಕಿವಿ ಹಿಡಿದು ಎಳೆದ ಹಾಗೆ ಕಾರು ಎಡಕ್ಕೆ ಹೊರಳಿ, ರಸ್ತೆಯಂಚಿಗೆ ಸುರಿದಿದ್ದ ಚೆಂಡುಹೂವಿನ ರಾಶಿಯಲ್ಲಿ ಮೂತಿ ಹುಗಿದು ನಿಂತಿತು. ಊರಿನ ಗಾಡಿಗಳಿಗೆಲ್ಲ ಹೂವು ಏರಿಸುವ ಹಬ್ಬ. ನನ್ನದು ಯಾರನ್ನೂ ಕಾಯದೆ ತಾನೇ ಏರಿಸಿಕೊಂಡಿತ್ತು.

ರಾಶಿಯ ಒಡತಿ ಮೊದಲು ಮರಾಠಿಯಲ್ಲಿ ಶುರು ಮಾಡಿದಳು. ಇಪ್ಪತ್ತು ವರ್ಷದ ಪುಣೆ ವಾಸದಿಂದ ನನಗೆ ಮರಾಠಿಯ ಬೈಗುಳ ಅಷ್ಟಾಗಿ ನಾಟುವುದಿಲ್ಲ. ಆದರೆ ಗಾಬರಿಯಲ್ಲಿ ನನ್ನ ಬಾಯಿಂದ "ಅಯ್ಯ ಶಿವನ!" ಎಂದು ಬಂದುಬಿಟ್ಟಿತು. ಆಕೆ ಸರಕ್ಕನೆ ಕನ್ನಡಕ್ಕೆ ಇಳಿದಳು.

"ಕಣ್ಣ ಮನ್ಯಾಗ ಇಟ್ಟ ಬಂದೀಯೇನೋ ಯಪ್ಪಾ? ಇಷ್ಟ ಅಗಲ ರಸ್ತೇದಾಗ ನನ್ನ ಹೂವಾ ಸಿಕ್ತ ನಿನಗ?"

"ನಾ ಏನೂ ಮಾಡಿಲ್ಲವ್ವಾ. ಬ್ರೇಕ್ ಒತ್ತಿದೆ, ಅದಽ ಎಡಕ್ಕ ಹೋತು."

"ಹೂಂ, ಅದಽ ಹೋತು! ನನ್ನ ಗಂಡನೂ ಹಿಂಗಽ ಅಂತಿದ್ದ, ಕಾಲು ತಾವಽ ಸೆರೆ ಅಂಗಡಿಗೆ ಹೋದವು ಅಂತ."

ಸುತ್ತ ನಿಂತವರು ನಕ್ಕರು. ಜಜ್ಜಿ ಹೋದ ಹೂವನ್ನೆಲ್ಲ ನಾನೇ ಕೊಂಡೆ. ಯಮನವ್ವ ಎಂದು ಆಕೆಯ ಹೆಸರು, ಇಂಡಿ ಕಡೆಯವಳು. ಸಿಟ್ಟು ಇಳಿದ ಮೇಲೆ ಆಕೆಯೇ ದಾರಿ ಹೇಳಿದಳು.

"ಇವತ್ತ ಒಂದೂ ಗ್ಯಾರೇಜ್ ನಡಿಯಂಗಿಲ್ಲ. ಎಲ್ಲಾರೂ ಪಾನಾ-ಗೀನಾ ತೊಳದ ಕುಂಕುಮ ಹಚ್ಚಿ ಪೂಜಾಕ ಇಟ್ಟಾರ. ಹಿಂದಿನ ಗಲ್ಲ್ಯಾಗ ರಾಮಲಿಂಗಪ್ಪ ಅಂತ ಒಬ್ಬ ಅದಾನ. ಅಂವ ಹಬ್ಬ ಮಾಡಂಗಿಲ್ಲ. ಒಂಬತ್ತ ವರ್ಷ ಆತು, ನನ್ನ ಕಡೆ ಒಂದ ಹೂ ತಗೊಂಡಿಲ್ಲ."

"ಯಾಕ?"

"ಅದನ್ನ ಕೇಳಬ್ಯಾಡ. ಗಾಡಿ ತೋರಿಸು, ಸುಮ್ಮನ ಬಾ."

ಕೇಳಬೇಡ ಎಂದ ಮೇಲೆ ಕೇಳದೆ ಇರುವಷ್ಟು ದೊಡ್ಡ ಮನುಷ್ಯ ನಾನಲ್ಲ.

ಹಿಂದಿನ ಗಲ್ಲಿ ಗ್ಯಾರೇಜುಗಳ ಗಲ್ಲಿ. ಉಳಿದ ದಿನ ಸುತ್ತಿಗೆಯ ಸದ್ದಿಗೆ ಅಲ್ಲಿ ಮಾತು ಕೇಳಿಸುವುದಿಲ್ಲ. ಅಂದು ಎಲ್ಲ ಅಂಗಡಿಗಳ ಶಟರು ಅರ್ಧ ಎಳೆದಿತ್ತು. ಕಾರಿನಿಂದ ಬಗ್ಗಿ ನೋಡಿದರೆ ಒಳಗಿನ ಮಬ್ಬಿನಲ್ಲಿ ಬಿಳಿ ಬಟ್ಟೆಯ ಮೇಲೆ ನಟ್ಟು ಬಿಚ್ಚುವ ಪಾನಾ, ಸುತ್ತಿಗೆ, ಜಾಕು, ಎಲ್ಲವನ್ನೂ ಉದ್ದುದ್ದಕ್ಕೆ ಮಲಗಿಸಿ, ಮೇಲೆ ಹೂವು ಹಾಕಿ, ತಲೆಯ ಬಳಿ ದೀಪ ಇಟ್ಟಿದ್ದರು. ನೋಡುವ ಕಣ್ಣು ಸರಿಯಿದ್ದರೆ ಪೂಜೆ. ಆದರೆ ಆಗ ತಾನೆ ಅಪಘಾತ ಮಾಡಿ ಬಂದವನ ಕಣ್ಣಿಗೆ ಅದು ಬೇರೆಯೇ ಥರ ಕಂಡಿತು. ಕಾರನ್ನು ಬೇಗ ಬೇಗ ಮುಂದೆ ಒಯ್ದೆ. ಗಲ್ಲಿಯ ಕೊನೆಯಿಂದ ಒಂದೇ ಒಂದು ಸದ್ದು ಬರುತ್ತಿತ್ತು: ಕಬ್ಬಿಣಕ್ಕೆ ಕಬ್ಬಿಣ ತಾಗುವ ಸದ್ದು, ನಿಧಾನವಾಗಿ, ನಡುನಡುವೆ ಬಿಟ್ಟು ಬಿಟ್ಟು.

ರಾಮಲಿಂಗಪ್ಪನಿಗೆ ಐವತ್ತರ ಸುಮಾರು. ಹಣೆಗೆ ವಿಭೂತಿ, ಕೊರಳಲ್ಲಿ ಲಿಂಗ. ಅಂದರೆ ದೇವರ ಮೇಲೆ ಮುನಿದವನಲ್ಲ. ಬೈಲಹೊಂಗಲದ ಕಡೆಯ ಹಳ್ಳಿಯವನು. ಹದಿನಾರನೇ ವಯಸ್ಸಿಗೆ ಪುಣೆಗೆ ಬಂದು ಇದೇ ಗಲ್ಲಿಯ ಗುರಣ್ಣ ಎಂಬ ಮುದುಕ ಮಿಸ್ತ್ರಿಯ ಕೈಕೆಳಗೆ ಬ್ರೇಕಿನ ಕೆಲಸ ಕಲಿತ. ಗುರಣ್ಣ ತೀರಿಕೊಂಡ ಮೇಲೆ ಅಂಗಡಿ, ಪಾನಾಗಳು, ಗಿರಾಕಿಗಳು ಎಲ್ಲ ಇವನಿಗೆ ಬಂದವು. ಇಂಜಿನ್ನು ಮುಟ್ಟುವುದಿಲ್ಲ, ಬಣ್ಣ ಹಚ್ಚುವುದಿಲ್ಲ, ಬ್ರೇಕು ಒಂದೇ. "ಓಡಿಸೋ ಕೆಲಸ ಎಲ್ಲಾರೂ ಮಾಡ್ತಾರ್ರಿ, ನಿಲ್ಲಿಸೋದು ನಂದು" ಎಂದು ಆಮೇಲೆ ಯಾವಾಗಲೋ ನನಗೆ ಹೇಳಿದ್ದ. ನಗದೆ ಹೇಳಿದ್ದರಿಂದ ನಾನೂ ನಗಲಿಲ್ಲ.

ಬಾನೆಟ್ಟಿನ ಮೇಲೆ ಇನ್ನೂ ಅಂಟಿಕೊಂಡಿದ್ದ ಹೂವನ್ನು ಆತ ಒಂದು ಗಳಿಗೆ ನೋಡಿದ.

"ಎಡಕ್ಕ ಎಳೀತೈತಿ," ಎಂದ.

ನಾನಿನ್ನೂ ಬಾಯಿಯೇ ಬಿಟ್ಟಿರಲಿಲ್ಲ. "ನಿಮಗ ಹೆಂಗ ಗೊತ್ತಾತು?"

"ಈ ದಿನ ವರ್ಷಕ್ಕೊಬ್ಬರು ಬರ್ತಾರ್ರಿ, ಎಡಕ್ಕ ಎಳಿಯೋ ಗಾಡಿ ತಗೊಂಡು. ಹೋದ ವರ್ಷ ಒಬ್ಬ ಡಾಕ್ಟರ್ ಬಂದಿದ್ರು. ಅದರ ಹಿಂದಿನ ವರ್ಷ ಒಬ್ಬ ಹಾಲಿನವ."

ಇದಕ್ಕೆ ಸರಳವಾದ ಕಾರಣವಿದೆ. ಪುಣೆಯಲ್ಲಿ ದಿನಾ ಹತ್ತಾರು ಕಾರುಗಳು ಎಡಕ್ಕೋ ಬಲಕ್ಕೋ ಎಳೆಯುತ್ತವೆ, ಅಂದು ತೆರೆದಿರುವುದು ಇವನ ಗ್ಯಾರೇಜು ಒಂದೇ, ಬಂದೇ ಬರುತ್ತಾರೆ. ಇಷ್ಟನ್ನು ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಮುಂಗೈಯ ಕೂದಲಿಗೆ ಮಾತ್ರ ಲೆಕ್ಕ ತಿಳಿಯಲಿಲ್ಲ.

ಆತ ನಾಲ್ಕೂ ಟೈರಿನ ಹವಾ ನೋಡಿದ. ಸರಿಯಿತ್ತು. ಜಾಕು ಏರಿಸಿ ಮುಂದಿನ ಗಾಲಿಗಳನ್ನು ಅಲುಗಿಸಿದ. ಸಡಿಲವಿರಲಿಲ್ಲ. ಜಾಕು ಇಳಿಸಿ, "ಓಡಿಸಿ ನೋಡಬೇಕು," ಎಂದ.

"ತಗೋರಿ ಕೀಲಿ."

"ನಾ ಓಡ್ಸಂಗಿಲ್ಲರಿ."

"ಬರಂಗಿಲ್ಲೇನು?"

"ಬರ್ತೈತಿ."

ಕೈ ಒರೆಸಿಕೊಳ್ಳುತ್ತ ಆತ ಗಲ್ಲಿಯ ಬಾಯಿಯ ಕಡೆ ನೋಡಿದ. "ಹನ್ನೊಂದ ಆಗ್ಲಿ, ಒಬ್ಬರು ಬರೋರಿದ್ದಾರ. ಅವರು ಬಂದಾಗ ನಾ ಇಲ್ಲದಿದ್ದರ ಛಲೋ ಅಲ್ಲ."

ಕಾಯುವ ಆ ಇಪ್ಪತ್ತು ಮೂವತ್ತು ನಿಮಿಷದಲ್ಲಿ, ನಾನು ನಾಲ್ಕು ಸಲ ನಾಲ್ಕು ಥರ ಕೇಳಿದ್ದಕ್ಕೆ, ಆತ ಹೇಳಿದ ಸಂಗತಿ ಇದು.

ಒಂಬತ್ತು ವರ್ಷದ ಹಿಂದೆ, ಇದೇ ಖಂಡೇನವಮಿಯ ಬೆಳಿಗ್ಗೆ, ಮಧುಕರರಾವ್ ಎಂಬ ಗಿರಾಕಿ ಬಂದಿದ್ದರು. ಬೆಳಗಾವಿಯ ಮನೆತನ, ಸದಾಶಿವ ಪೇಠದ ಒಂದು ವಾಡೆಯಲ್ಲಿ ವಾಸ, ವಿಮಾ ಕಚೇರಿಯಲ್ಲಿ ಕಾರಕೂನಿಕೆ. ಬ್ರೇಕ್ ಒತ್ತಿದರೆ ಕಾರು ಎಡಕ್ಕೆ ಎಳೆಯುತ್ತದೆ ಎಂದರು. ಹಬ್ಬದೂಟಕ್ಕೆ ಹೆಂಡತಿಯ ಜೊತೆ ಘಾಟಿನಾಚೆಯ ಸಾಸವಡಕ್ಕೆ ಹೋಗುವುದಿತ್ತು. ಇಲ್ಲಿ ಪಾನಾಗಳಿಗೆ ಆಗಷ್ಟೇ ಕುಂಕುಮ ಹಚ್ಚಿ ಮಲಗಿಸಿಯಾಗಿತ್ತು. ಖಂಡೇನವಮಿಗೆ ಪೂಜೆಗಿಟ್ಟ ಹತಾರ ಮರುದಿನದವರೆಗೆ ಮುಟ್ಟಬಾರದು ಎಂಬುದು ಗುರಣ್ಣ ಕಲಿಸಿಹೋದ ನೇಮ. ವರ್ಷವಿಡೀ ದುಡಿಯುತ್ತವೆ, ಒಂದು ದಿನವಾದರೂ ಅವು ಮಲಗಲಿ ಎನ್ನುತ್ತಿದ್ದನಂತೆ. ಆದ್ದರಿಂದ ರಾಮಲಿಂಗಪ್ಪ ಗಾಡಿಯನ್ನು ಬಿಚ್ಚಲಿಲ್ಲ. ನಾಳೆ ಬರ್ರಿ ರಾಯರ, ಸಾವಕಾಶ ಹೋಗ್ರಿ ಎಂದ. ಮಧುಕರರಾಯರೂ ನೇಮ ನಿಷ್ಠೆಯ ಮನುಷ್ಯ. ಒತ್ತಾಯ ಮಾಡಲಿಲ್ಲ, ಪಾನಾಗಳಿಗೆ ಕೈ ಮುಗಿದೇ ಹೋದರು.

ಸಂಜೆ ತಿರುಗಿ ಬರುವಾಗ ದಿವೇ ಘಾಟಿನ ಇಳಿಜಾರಿನಲ್ಲಿ ಕಾರು ರಸ್ತೆ ದಾಟಿ ಎದುರು ಬರುತ್ತಿದ್ದ ಟೆಂಪೋಗೆ ಹೊಡೆಯಿತು. ರಾಯರು ಅಲ್ಲೇ ತೀರಿಕೊಂಡರು. ಪಕ್ಕದಲ್ಲಿ ಕೂತಿದ್ದ ಹೆಂಡತಿ ರಾಧಾಬಾಯಿ ಬದುಕಿದರು.

"ಗಾಡಿ ಬಲಕ್ಕ ಹೋಗಿತ್ತರಿ," ಎಂದ ರಾಮಲಿಂಗಪ್ಪ. "ಟೆಂಪೋ ಬರೋದು ಬಲಗಡೆಯಿಂದಲ್ಲೇನು? ಎಲ್ಲಾರೂ ನನಗ ಅಂದ್ರು, ನಿನ್ನ ಕಡೆ ಬಂದಾಗ ಎಡಕ್ಕ ಎಳೀತಿತ್ತು, ಸತ್ತಿದ್ದು ಬಲಕ್ಕ ಹೋಗಿ. ಇದಕ್ಕೂ ನಿನಗೂ ಸಂಬಂಧ ಇಲ್ಲ. ರಾಯರು ಊಟಾ ಮಾಡಿ ನಿದ್ದಿಗಣ್ಣಾಗ ಗಾಡಿ ಹೊಡದಾರ ಅಂತ. ಪೋಲೀಸರೂ ಹಂಗಽ ಬರಕೊಂಡ್ರು."

"ನೀವೇನಂದ್ರಿ?"

"ಹೌದ್ರಿ ಅಂದೆ."

"ಹಂಗಂದ್ರ ನೀವು ಪಾರಾದ್ರಿ."

"ಆದೆ. ಆ ಗಾಡಿ ಗುಜರಿಗೆ ಹೋತು. ಬಿಚ್ಚಿ ನೋಡಾಕ ಸಿಗಲಿಲ್ಲ." ಅವನ ಕೈಯಲ್ಲಿದ್ದ ಬಟ್ಟೆ ಬೆರಳುಗಳನ್ನು ಒಂದೊಂದಾಗಿ ಒರೆಸುತ್ತಿತ್ತು, ಒರೆಸುವುದಕ್ಕೆ ಅಲ್ಲಿ ಏನೂ ಉಳಿದಿರಲಿಲ್ಲ. "ಅವತ್ತಿನಿಂದ ಎಡಕ್ಕ ಎಳಿಯೋ ಗಾಡಿ ಬಂದ್ರ ನೋಡ್ತೇನಿ, ಇದಽ ಏನು ಅಂತ. ಡಾಕ್ಟರದ್ದು ಬ್ರೇಕಿನ ಲೈನರಿಗೆ ಎಣ್ಣಿ ಹತ್ತಿತ್ತು. ಹಾಲಿನವಂದು ಬರೇ ಟೈರು. ಯಾವುದೂ ಅದಲ್ಲ. ಎಡಕ್ಕ ಎಳಿಯೋ ಗಾಡಿ ಬಲಕ್ಕ ಯಾಕ ಹೋಗ್ತೈತಿ? ಹೋಗಾಕಽ ಬರಂಗಿಲ್ಲ. ರಾಯರು ನಿದ್ದಿ ಮಾಡಿದ್ದಽ ಖರೇ ಇರಬೇಕು."

ಹಾಗೆ ಹೇಳಿದ ದನಿಯಲ್ಲಿ ನಂಬಿಕೆ ಇರಲಿಲ್ಲ. ನಂಬಿದವನು ವರ್ಷ ವರ್ಷ ಹಬ್ಬದ ದಿನ ಅಂಗಡಿ ತೆರೆದು ಕೂರುವುದಿಲ್ಲ.

ಹನ್ನೊಂದಕ್ಕೆ ರಿಕ್ಷಾ ಬಂದು ನಿಂತಿತು. ಇಳಿದವರು ಅರವತ್ತು ದಾಟಿದ ಹೆಂಗಸು. ತಿಳಿ ಬೂದು ಬಣ್ಣದ ಸೀರೆ, ಕೋಲಿನ ಮೇಲೆ ಭಾರ ಹಾಕಿ ನಡೆಯುತ್ತಿದ್ದರು. ಯಾರಿಗೂ ಏನೂ ಹೇಳದೆ ಒಳಗೆ ಬಂದು, ಯಾವುದೋ ಕಾರಿನಿಂದ ಕಿತ್ತು ಗೋಡೆಗೆ ಹಚ್ಚಿದ್ದ ಸೀಟಿನ ಮೇಲೆ ಕೂತರು. ರಾಮಲಿಂಗಪ್ಪ ಎದ್ದು ನಿಂತ.

ಇಬ್ಬರೂ ಮಾತಾಡಲಿಲ್ಲ. ಒಂಬತ್ತು ವರ್ಷದಿಂದ ಇದು ಹೀಗೇ ಅಂತೆ. ಗಂಡ ಸತ್ತ ದಿನ ರಾಧಾಬಾಯಿ ಬರುತ್ತಾರೆ, ಅರ್ಧ ತಾಸು ಕೂರುತ್ತಾರೆ, ಹೋಗುತ್ತಾರೆ. ಕಾರು ಹೇಗೆ ಹೋಯಿತು ಎಂದು ಕೇಳುವ ಧೈರ್ಯ ಇವನಿಗಿಲ್ಲ. ಅವರೂ ಏನೂ ಕೇಳುವುದಿಲ್ಲ. ಮೌನ ಎಂದರೆ ನನಗೆ ಆಗುವುದಿಲ್ಲ; ಯಾರೂ ಮಾತಾಡದಿದ್ದರೆ ನಾನೇ ಏನಾದರೂ ಅಂದು ಕೆಡಿಸುತ್ತೇನೆ.

"ನಂದೂ ಎಡಕ್ಕ ಎಳೀತದ್ರಿ," ಎಂದೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ.

ರಾಧಾಬಾಯಿ ನನ್ನ ಕಡೆ ತಿರುಗಿದರು. "ನಿಮ್ಮ ಮನ್ಯಾಗ ಏನಂತಾರ?"

"ನನಗ ಗಾಡಿ ಹೊಡಿಲಿಕ್ಕೆ ಬರೂದಿಲ್ಲ ಅಂತಾರ."

"ಹೂಂ," ಎಂದರು ಅವರು. "ಹಂಗಽ ಅಂತಾರ."

ರಾಮಲಿಂಗಪ್ಪ ಕಾರಿನ ಎಡ ಬಾಗಿಲು ತೆಗೆದ. "ಬಾಯಾರ, ಈ ಸಾಹೇಬರ ಗಾಡಿ ಒಂದ ಸುತ್ತ ನೋಡಿ ಬರ್ತೇವಿ."

"ನಾನೂ ಬರ್ತೀನಿ," ಎಂದು ರಾಧಾಬಾಯಿ ಕೋಲೂರಿ ಎದ್ದರು.

ಒಂಬತ್ತು ವರ್ಷದಲ್ಲಿ ಅವರು ಆ ಗ್ಯಾರೇಜಿನಲ್ಲಿ ಹಾಗೆ ಎದ್ದದ್ದು ಅದೇ ಮೊದಲಂತೆ. ರಾಮಲಿಂಗಪ್ಪನ ಮುಖ ನೋಡಿದರೆ ತಿಳಿಯುತ್ತಿತ್ತು. ಹಿಂದಿನ ಸೀಟಿನಲ್ಲಿ ಯಮನವ್ವನ ಹೂವು ತುಂಬಿತ್ತು. ಅದನ್ನು ಒಂದು ಕಡೆ ಸರಿಸಿ ಅವರಿಗೆ ಜಾಗ ಮಾಡಿಕೊಟ್ಟೆ. ನನ್ನ ಡ್ರೈವಿಂಗಿಗೆ ಸಾಕ್ಷಿಗಳು ಯಾವಾಗಲೂ ನನ್ನವರೇ ಆಗಿರುತ್ತಿದ್ದರು. ಅಂದು ಒಬ್ಬ ಬ್ರೇಕ್ ಮಿಸ್ತ್ರಿ, ಒಬ್ಬ ವಿಧವೆ. ಎರಡು ಸಲ ಇಂಜಿನ್ ಆರಿಸಿ, ಮೂರನೆಯ ಸಲಕ್ಕೆ ಹೊರಟೆ.

ಕ್ಯಾಂಪಿನ ದಕ್ಷಿಣದ ದಂಡಿನ ರಸ್ತೆಗಳು ಅಂದು ಖಾಲಿ. ಎರಡೂ ಕಡೆ ಹಳೆಯ ಆಲದ ಮರಗಳು, ಬಿಳಲುಗಳು ಕಾರಿನ ಮಾಡಿಗೆ ತಾಗುವಂತೆ ಇಳಿಬಿದ್ದಿದ್ದವು. ರಾಮಲಿಂಗಪ್ಪ ಹಿಂದೆ ಮುಂದೆ ನೋಡಿ, ಯಾರೂ ಇಲ್ಲ ಎಂದು ಖಾತ್ರಿ ಮಾಡಿಕೊಂಡು, "ಒತ್ರಿ," ಎಂದ.

ಒತ್ತಿದೆ. ಎಡಕ್ಕೆ ಹೊರಳಿತು.

"ಮತ್ತೊಮ್ಮೆ."

ಮತ್ತೆ ಎಡಕ್ಕೆ. ನಾಲ್ಕೈದು ಸಲ ಹೀಗೆ ಮಾಡಿಸಿದ. ಆಮೇಲೆ ನಿಲ್ಲಿಸಲು ಹೇಳಿ, ಇಳಿದು, ಮುಂದಿನ ಎರಡು ಗಾಲಿಗಳಿಗೆ ಅಂಗೈ ಮಗುಚಿ, ಜ್ವರ ನೋಡುವ ಹಾಗೆ ಕೈಯ ಹಿಂಭಾಗ ತಾಗಿಸಿ ನೋಡಿ ಬಂದ.

"ಎಡದ್ದು ಭಾಳ ಕಾದೈತಿ. ಬಲದ್ದು ಅಷ್ಟಿಲ್ಲ. ಕೆಲಸಾ ಮಾಡೋ ಗಾಲಿ ಕಾಯ್ತೈತಿ, ಮಾಡದ್ದು ತಣ್ಣಗಿರ್ತೈತಿ. ಗಾಡಿ ಎಡಕ್ಕ ಹೋದ್ರೂ ತಪ್ಪು ಬಲದ್ದು ಸಾಹೇಬ್ರ."

ಇದನ್ನು ಕೇಳಿ ನಾನು ನಮ್ಮ ಕಚೇರಿಯನ್ನು ನೆನೆದು ತಲೆದೂಗಿದೆ.

"ಈಗ ಜೋರ ಹೋಗ್ರಿ. ಗಟ್ಟಿ ಒತ್ರಿ. ಒತ್ತಿ, ಒಮ್ಮಿಗೇ ಕಾಲ ತಗೀರಿ, ರಾಯರ."

ನನ್ನನ್ನು ರಾಯರ ಎಂದದ್ದು ಅವನ ಗಮನಕ್ಕೆ ಬರಲಿಲ್ಲ. ಹಿಂದಿನ ಸೀಟಿನಲ್ಲಿ ಕೋಲು ಸರಿದ ಸದ್ದಾಯಿತು. ನಾನು ಕನ್ನಡಿಯಲ್ಲಿ ನೋಡಲಿಲ್ಲ. ಅಲ್ಲಿ ಒಬ್ಬರೇ ಕೂತಿರುತ್ತಾರೆ ಎಂದು ಯಾಕೋ ಆ ಹೊತ್ತಿನಲ್ಲಿ ನನಗೆ ಖಾತ್ರಿ ಇರಲಿಲ್ಲ.

ಜೋರಾಗಿ ಹೋಗಿ ಒತ್ತಿದೆ. ಎಡಕ್ಕೆ ಎಳೆಯಿತು. ಸ್ಟೀರಿಂಗನ್ನು ಬಿಗಿಯಾಗಿ ಹಿಡಿದು ನೇರ ಮಾಡಿ, ಕಾಲು ಎತ್ತಿದೆ. ಎತ್ತಿದ್ದೇ ತಡ ಕಾರು ಬಲಕ್ಕೆ ಹಾರಿತು. ರಸ್ತೆಯ ನಡುವನ್ನು ದಾಟಿ, ಎದುರು ಬರುವವರ ದಾರಿಗೆ ಹೋಗಿ, ಆಮೇಲೆ ಏನೂ ಆಗಿಲ್ಲವೆಂಬಂತೆ ಸಡಿಲಾಯಿತು. ಕಾರನ್ನು ಹೇಗೋ ಅಂಚಿಗೆ ತಂದು ನಿಲ್ಲಿಸಿದೆ.

"ತಪ್ಪಾತು," ಎಂದೆ. "ಗಾಬರಿಯೊಳಗ ನಾನಽ ಬಲಕ್ಕ ತಿರುವಿದೆ. ಯಾವಾಗ್ಲೂ ಹಿಂಗಽ ಮಾಡ್ತೀನಿ."

"ನೀವು ತಿರುವಲಿಲ್ಲ," ಎಂದ ರಾಮಲಿಂಗಪ್ಪ. ಅವನ ದನಿ ಬಹಳ ಸಣ್ಣದಾಗಿತ್ತು. "ನಾ ನಿಮ್ಮ ಕೈ ನೋಡಾಕತ್ತಿದ್ದೆ."

ಆಗ ಹಿಂದಿನಿಂದ ರಾಧಾಬಾಯಿ ಮಾತಾಡಿದರು.

"ನಾನೂ ಅವತ್ತ ಅವರ ಕೈ ನೋಡ್ತಿದ್ದೆ."

ಯಾರೂ ತಿರುಗಿ ನೋಡಲಿಲ್ಲ. ಒಂದು ಬಿಳಲು ಗಾಳಿಗೆ ಬಂದು ಗಾಜನ್ನು ಸವರಿ ಹೋಯಿತು.

"ಕಣ್ಣು ತೆರದಿದ್ರು ಅವರು. ಕೈ ಸ್ಟೀರಿಂಗ್ ಮ್ಯಾಲೆ ನೆಟ್ಟಗಿತ್ತು. ಇಳಿಜಾರಿನ ತುಂಬ ಎಡಕ್ಕ ಎಳೀತಿತ್ತು, ಹಿಡದು ಹಿಡದು ಕೈ ಸೋತಾವ ಅಂದ್ರು. ತಿರುವಿನ್ಯಾಗ ಗಟ್ಟಿಯಾಗಿ ಬ್ರೇಕ್ ಹಾಕಿದ್ರು. ಬಿಟ್ಟ ಕೂಡಲೇ ಇದಽ, ಹಿಂಗಽ ಆತು. ನಾ ಪೋಲೀಸರಿಗೆ ಹೇಳಿದೆ. ತಮ್ಮಂದಿರಿಗೆ ಹೇಳಿದೆ. ನಿನಗ ತಲಿಗೆ ಪೆಟ್ಟು ಹತ್ಯದ, ನೆನಪಿರೂದಿಲ್ಲ ಅಂದ್ರು. ಎಡಕ್ಕ ಎಳಿಯೋ ಗಾಡಿ ಬಲಕ್ಕ ಹೆಂಗ ಹೋಗ್ತದ ಅಂದ್ರು. ಒಂಬತ್ತು ವರ್ಷ ಎಲ್ಲಾರೂ ಅನ್ನೋದು ಒಂದಽ: ಪಾಪ, ಹೋಳಿಗಿ ಉಂಡು ಮಲಗಿದ್ರು."

ಗ್ಯಾರೇಜಿಗೆ ತಿರುಗಿ ಹೊರಟೆವು. ನಾನು ಇಡೀ ದಾರಿ ಎರಡನೆಯ ಗೇರಿನಲ್ಲೇ ಬಂದೆ.

ರಾಮಲಿಂಗಪ್ಪ ರಾಧಾಬಾಯಿಯನ್ನು ಕೈ ಹಿಡಿದು ಸೀಟಿನ ಮೇಲೆ ಕೂರಿಸಿದ. ಆಮೇಲೆ ಕಾರನ್ನು ಜಾಕಿನ ಮೇಲೇರಿಸಿ ಮುಂದಿನ ಎರಡೂ ಗಾಲಿ ಬಿಚ್ಚಿದ. ನನ್ನನ್ನು ಬ್ರೇಕ್ ತುಳಿಯಲು ಕೂರಿಸಿ, ಎಡಗಾಲಿಯ ಹಿಂದಿನ ಸಣ್ಣ ತಿರುಪು ಸಡಿಲಿಸಿದ. ಬ್ರೇಕ್ ಆಯಿಲ್ ಪಿಚಕಾರಿಯ ಹಾಗೆ ಚಿಮ್ಮಿತು. ಬಲಗಾಲಿಯದನ್ನು ಸಡಿಲಿಸಿದ. ಒಂದು ಹನಿ ಬಂತು. ಸ್ವಲ್ಪ ತಡೆದು ಇನ್ನೊಂದು ಹನಿ. ಕೂತಲ್ಲಿಂದ ಕಾಣದಿದ್ದರೂ ಅದು ಡಬ್ಬಿಗೆ ಬೀಳುವ ಸದ್ದು ನನಗೆ ಕೇಳುತ್ತಿತ್ತು.

ಆ ಗಾಲಿಗೆ ಆಯಿಲ್ ಒಯ್ಯುವ ರಬ್ಬರಿನ ಪೈಪನ್ನು ಆತ ಬಿಚ್ಚಿ ಕೈಯಲ್ಲಿ ಹಿಡಿದ. ಗೇಣುದ್ದದ ಕರಿ ಪೈಪು. ಹೊರಗಿನಿಂದ ನೋಡಿದರೆ ಹೊಸದರ ಹಾಗಿತ್ತು, ಎಲ್ಲೂ ಬಿರುಕಿಲ್ಲ. ಬ್ಲೇಡು ತೆಗೆದುಕೊಂಡು ಉದ್ದಕ್ಕೆ ಸೀಳಿದ. ಒಳಗಿನ ರಬ್ಬರು ಊದಿಕೊಂಡು ದಾರಿ ಬಹುಮಟ್ಟಿಗೆ ಮುಚ್ಚಿಹೋಗಿತ್ತು. ಸೂಜಿ ತೂರಿಸಲೂ ಜಾಗವಿರಲಿಲ್ಲ.

ಅದನ್ನು ತಂದು ರಾಧಾಬಾಯಿಯ ಮುಂದೆ ಕೂತ. ನೆಲದ ಮೇಲೆ, ಕಾಲು ಮಡಚಿ.

"ಬಾಯಾರ, ಬ್ರೇಕ್ ಒತ್ತಿದಾಗ ಆಯಿಲ್ ಇದರಾಗ ಹಾಯಾಕ ತಡಾ ಆಗ್ತೈತಿ. ಬಲಗಾಲಿ ಹಿಡಿಯಂಗಿಲ್ಲ, ಎಡದ್ದು ಹಿಡೀತೈತಿ. ಗಾಡಿ ಎಡಕ್ಕ. ಕಾಲ ತಗದ್ರ ಎಡದ್ದು ಬಿಡ್ತೈತಿ. ಗಟ್ಟಿ ಒತ್ತಿದಾಗ ಬಲದ್ದಕ್ಕ ನುಗ್ಗಿದ ಆಯಿಲ್ ತಿರುಗಿ ಬರಾಕ ದಾರಿ ಇಲ್ಲ. ಅದು ಹಿಡಕೊಂಡಽ ಇರ್ತೈತಿ. ಗಾಡಿ ಬಲಕ್ಕ. ಎಡಕ್ಕ ಹೋಗಬಾರದು ಅಂತ ಕೈ ಜಗ್ಗಿ ಹಿಡಿದಿರ್ತಾರಲ್ಲ, ಆ ಜಗ್ಗೋದೂ ಅದಕ್ಕ ಸೇರ್ತೈತಿ." ಪೈಪನ್ನು ಅವರ ಕಡೆ ಚಾಚಿದ. "ಆ ಗಾಡಿ ನಾ ಬಿಚ್ಚಿ ನೋಡಿಲ್ಲ. ಆದ್ರ ನೀವು ಹೇಳಿದಂಗ ಆಗೋದು ಇದೊಂದರಿಂದಽ. ಎಚ್ಚರಿದ್ದವರ ಕೈಯಾಗೂ ನಿಲ್ಲಂಗಿಲ್ಲ."

ರಾಧಾಬಾಯಿ ಸೀಳಿದ ಪೈಪನ್ನು ಕೈಗೆ ತೆಗೆದುಕೊಂಡರು. ಮಸಿ ಸೀರೆಗೆ ಹತ್ತಿತು. ನೋಡಿಕೊಳ್ಳಲಿಲ್ಲ.

"ಅಂದ್ರ ಅವರು ಮಲಗಿರಲಿಲ್ಲ."

"ಇಲ್ಲರಿ."

"ನಾಲ್ಕು ಮಂದಿ ಮುಂದ ಹೇಳ್ತೀಯಾ?"

"ಯಾರ ಮುಂದ ಬೇಕಾದ್ರೂ ಹೇಳ್ತೇನ್ರಿ."

ಅವರ ಕಣ್ಣಲ್ಲಿ ನೀರು ಬರುತ್ತದೆಂದು ನಾನು ಕಾದೆ, ಬರಲಿಲ್ಲ. ಗಲ್ಲಿಯ ಆ ಕಡೆ ಯಾರೋ ಶಟರು ಎತ್ತಿ ಆರತಿಯ ಗಂಟೆ ಬಾರಿಸತೊಡಗಿದರು. ರಾಧಾಬಾಯಿ ಆ ಸದ್ದು ನಿಲ್ಲುವವರೆಗೆ ಪೈಪಿನ ಎರಡು ಸೀಳನ್ನು ಒಂದಕ್ಕೊಂದು ಹೊಂದಿಸುತ್ತ, ಬಿಡಿಸುತ್ತ ಕೂತಿದ್ದರು. ಅವರು ಮುಂದೆ ಏನು ಕೇಳುತ್ತಾರೆಂದು ನನಗೆ ಗೊತ್ತಾಯಿತು. ರಾಮಲಿಂಗಪ್ಪನಿಗೂ ಗೊತ್ತಾಗಿತ್ತು. ಅವರಿಗೆ ಕಾಣದ ಹಾಗೆ ಪಕ್ಕಕ್ಕೆ ನಿಂತು ನಾನು ಅವನಿಗೆ ತಲೆಯಾಡಿಸಿ ಸನ್ನೆ ಮಾಡಿದೆ: ಹೇಳಲಿಕ್ಕಾಗುವುದಿಲ್ಲ ಅನ್ನು, ಇಂಥ ದೋಷ ಯಾರಿಗೂ ಸಿಗುವುದಿಲ್ಲ ಅನ್ನು, ಹೊರಗಿನಿಂದ ಕಾಣುವುದೇ ಇಲ್ಲ ಅನ್ನು. ಸುಳ್ಳು ಹೇಳುವುದರಲ್ಲಿ ನನಗೆ ಒಳ್ಳೆಯ ಅನುಭವವಿದೆ. ಬೇಕಾದರೆ ನಾನೇ ಹೇಳಿಬಿಡುತ್ತಿದ್ದೆ. ಆತ ನನ್ನ ಕಡೆ ನೋಡಲೇ ಇಲ್ಲ.

"ರಾಮಲಿಂಗಪ್ಪಾ," ಎಂದರು ರಾಧಾಬಾಯಿ, "ಅವತ್ತ ಮುಂಜಾನೆ ನೀ ಪಾನಾ ಮುಟ್ಟಿದ್ದರ ಇದು ಸಿಗತಿತ್ತೇನು?"

"ಸಿಗತಿತ್ತ್ರಿ," ಎಂದ ರಾಮಲಿಂಗಪ್ಪ. "ಇಪ್ಪತ್ತ ನಿಮಿಷದ ಕೆಲಸ. ನಡುವ ಚಾ ಕುಡದಿದ್ರ, ಅರ್ಧಾ ತಾಸು."